ಪ್ಯಾಚಿಂಗ್ ಮಷಿನ್ ಕೊಳ್ಳುವ ಮುನ್ನ ಹಲ್ಲು ನೋಡಿ

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಬಾಯಿ ತೆಗೆಸಿ ಹಲ್ಲು ನೋಡುತ್ತಾರೆ. ಹಳೆಯ ಪ್ಯಾಚಿಂಗ್ ಮಷಿನ್ ಕೊಳ್ಳುವವರೂ ಹಾಗೇ ಮಾಡಬೇಕು. ಕಪ್ಪು ಬಣ್ಣ, ಬಂಗಾರದ ಗೆರೆ ನೋಡಿ ಮೋಸ ಹೋಗುವವರೇ ಹೆಚ್ಚು.

ಚಪ್ಪಲಿ, ಶೂ, ಬ್ಯಾಗು ದುರಸ್ತಿಯ ಅಂಗಡಿಗಳಲ್ಲಿ ಕಾಣುವ ಉದ್ದ ತೋಳಿನ ಯಂತ್ರವಿದು. ಮನೆಯ ಹೊಲಿಗೆ ಯಂತ್ರದಲ್ಲಿ ಬಟ್ಟೆಯನ್ನು ಕೆಳಗಿನ ಹಲ್ಲು ತಳ್ಳುತ್ತದೆ. ಇಲ್ಲಿ ಕೆಳಗೆ ಹಲ್ಲೇ ಇಲ್ಲ, ಮೇಲಿನ ಪಾದವೇ ಎದ್ದು ಹೆಜ್ಜೆ ಹಾಕಿ ಚರ್ಮವನ್ನು ಎಳೆಯುತ್ತದೆ. ಆ ಪಾದ ಸುತ್ತಲೂ 360 ಡಿಗ್ರಿ ತಿರುಗುವುದರಿಂದ ಶೂ ಇದ್ದಲ್ಲೇ ಇರುತ್ತದೆ, ಹೊಲಿಗೆ ಮಾತ್ರ ಬೇಕಾದ ದಿಕ್ಕಿಗೆ ಹೋಗುತ್ತದೆ.

ಮೊದಲು ಗುರುತು ಹಿಡಿಯಿರಿ. ಹಳೆಯವುಗಳಲ್ಲಿ ಹೆಚ್ಚು ಹೆಸರಾದದ್ದು ಸಿಂಗರ್ 29 ವರ್ಗ. ಫಲಕದಲ್ಲಿ 29ಕೆ71, 29ಕೆ73 ಎಂಬಂತೆ ‘ಕೆ’ ಇದ್ದರೆ ಅದು ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿದ್ದ ಕಿಲ್‌ಬೋವಿ ಕಾರ್ಖಾನೆಯದು. ಆ ಕಾರ್ಖಾನೆ 1980ರಲ್ಲಿ ಮುಚ್ಚಿತು. ಬುಡದ ಮೇಲೆ ಕೆತ್ತಿದ ಕ್ರಮಸಂಖ್ಯೆಯನ್ನೂ ಬರೆದುಕೊಳ್ಳಿ. ಬರೀ ಅಂಕಿಗಳಿದ್ದರೆ 1900ಕ್ಕಿಂತ ಹಿಂದಿನದು, ಅಂಕಿಯ ಮುಂದೆ ಅಕ್ಷರವಿದ್ದರೆ ಆಮೇಲಿನದು. ಜರ್ಮನಿಯ ಆಡ್ಲರ್ 30 ಕೂಡ ಇದೇ ಜಾತಿಯ ಗಟ್ಟಿ ಯಂತ್ರ. ಒರಟು ಎರಕದ, ಕೈಯಲ್ಲಿ ತಿರುಗಿಸುವ ಚೀನಾ ಪ್ಯಾಚರ್ ಬೇರೆಯೇ ಸಾಲಿನದು. ಅದರ ಬೆಲೆಯನ್ನು ಇದಕ್ಕೆ ಹೋಲಿಸಬೇಡಿ.

ತೋಳಿನ ಉದ್ದವನ್ನೂ ಬಾಬಿನ್ನಿನ (ಕೆಳಗಿನ ದಾರ ಸುತ್ತುವ ಉರುಳೆ) ಗಾತ್ರವನ್ನೂ ನೋಡಿ. ತೋಳು ಸುಮಾರು 12 ಇಂಚಿನದು ಅಥವಾ 18 ಇಂಚಿನದು ಇರುತ್ತದೆ. ಉದ್ದ ತೋಳು ಬೂಟು, ಬ್ಯಾಗಿಗೆ ಅನುಕೂಲ. ಸಣ್ಣ ಬಾಬಿನ್ ಇದ್ದರೆ ತೋಳಿನ ತುದಿ ತೆಳ್ಳಗಿರುತ್ತದೆ, ಮಕ್ಕಳ ಶೂ ಮೂತಿಯೊಳಗೂ ಹೋಗುತ್ತದೆ. ಆದರೆ ದಾರ ಬೇಗ ಮುಗಿದು ಪದೇ ಪದೇ ಸುತ್ತಬೇಕು. ದೊಡ್ಡ ಬಾಬಿನ್‌ನದು ಇದಕ್ಕೆ ತದ್ವಿರುದ್ಧ. ನಿಮ್ಮ ಕೆಲಸ ಯಾವುದೋ ಅದಕ್ಕೆ ತಕ್ಕದ್ದನ್ನು ಆರಿಸಿ.

ಈಗ ಮುಖ್ಯ ಪರೀಕ್ಷೆ. ದಾರ ಹಾಕದೆ, ಹೊಲಿಗೆಯ ಉದ್ದವನ್ನು ಗರಿಷ್ಠಕ್ಕೆ ಇಟ್ಟು, ದಪ್ಪ ಕಾಗದದ ಪಟ್ಟಿಯನ್ನು ಪಾದದ ಕೆಳಗಿಡಿ. ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಒಂದು ಇಂಚಿಗೆ ಬಿದ್ದ ತೂತುಗಳನ್ನು ಎಣಿಸಿ. ಐದಾರು ತೂತು ಬಿದ್ದರೆ ಒಳ್ಳೆಯ ಯಂತ್ರ. ಎಂಟಾದರೆ ಸವೆದಿದೆ, ಆದರೂ ಕೆಲಸಕ್ಕೆ ಬರುತ್ತದೆ. ಹತ್ತು ದಾಟಿದರೆ ಪಾದವನ್ನು ನಡೆಸುವ ಕ್ಯಾಮ್ (ತಿರುಗುತ್ತ ಸನ್ನೆಯನ್ನು ತಳ್ಳುವ ಉಬ್ಬುಚಕ್ರ), ಅದರ ಸನ್ನೆಗಳು ಚೆನ್ನಾಗಿ ತಿಂದುಹೋಗಿವೆ. ತೂತುಗಳು ಒತ್ತೊತ್ತಾಗಿ ಬಿದ್ದರೆ ಚರ್ಮವು ಅಂಚೆಚೀಟಿಯ ಹಾಳೆಯಂತಾಗಿ ಹೊಲಿಗೆಯುದ್ದಕ್ಕೂ ಸೀಳುತ್ತದೆ. ಪಾದವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಮತ್ತೆ ಎಣಿಸಿ. ಒಂದು ದಿಕ್ಕಿನಲ್ಲಿ ಉದ್ದ, ಇನ್ನೊಂದರಲ್ಲಿ ಗಿಡ್ಡ ಬಂದರೆ ಪಾದದ ಭಾಗದಲ್ಲೇ ಸವೆತವಿದೆ ಅಥವಾ ಏನೋ ಬಾಗಿದೆ. ಕೊನೆಗೆ 2 ಮಿ.ಮೀ. ಚರ್ಮದ ಎರಡು ಪದರ ಇಟ್ಟು ನೋಡಿ. ಕಾಗದದ ಮೇಲೆ ಮುಚ್ಚಿಹೋದ ದೋಷ ಇಲ್ಲಿ ಬಯಲಾಗುತ್ತದೆ.

ಇನ್ನು ಹಲ್ಲು. ಬಾಬಿನ್ ಹೊತ್ತು ಮೇಲಿನ ದಾರದ ಕುಣಿಕೆ ಹಿಡಿಯುವ ಶಟಲ್ ಅತ್ತಿತ್ತ ಓಡುವುದು ತೋಳಿನೊಳಗಿನ ಹಲ್ಲುಪಟ್ಟಿ ಮತ್ತು ಸಣ್ಣ ಗಿಯರ್‌ನಿಂದ. ಚಕ್ರವನ್ನು ಅಲುಗಾಡದಂತೆ ಹಿಡಿದು ಶಟಲ್ಲನ್ನು ಬೆರಳಿನಿಂದ ಹಿಂದೆ ಮುಂದೆ ಆಡಿಸಿ. ಕೂದಲೆಳೆಯಷ್ಟು ಸಡಿಲ ಸಹಜ. ಲೊಟಲೊಟ ಎಂದರೆ ಶಟಲ್ಲಿನ ಮೂತಿ ಸೂಜಿಯ ಬಳಿಗೆ ತಡವಾಗಿ ಬಂದು ದಾರದ ಕುಣಿಕೆ ಸಿಗದೆ ಹೊಲಿಗೆ ಬಿಟ್ಟುಹೋಗುತ್ತದೆ. ಮಾರುವವರು ಇದನ್ನು ‘ಸೂಜಿ ಸರಿಯಿಲ್ಲ’ ಎಂದು ತೇಲಿಸಿಬಿಡುವುದುಂಟು. ಅದಕ್ಕೇ ಹೊಸ ಸೂಜಿಯನ್ನು ನೀವೇ ಒಯ್ಯಿರಿ: ಸಿಂಗರ್ 29 ಆದರೆ ಚರ್ಮಕ್ಕೆ 29×4 ನಮೂನೆ, ಬಟ್ಟೆಗೆ 29×3, ಗಾತ್ರ 100ರಿಂದ 110. ಶಟಲ್ ಹೊರತೆಗೆದು ಮೂತಿ ಮುರಿದಿದೆಯೇ, ಮೊಂಡಾಗಿದೆಯೇ ಎಂದು ಉಗುರಿನಿಂದ ಸವರಿ ನೋಡಿ. ಮಧ್ಯಮ ದಪ್ಪದ ನೈಲಾನ್ ದಾರದಲ್ಲಿ ಹೊಲಿದು ತೋರಿಸಲು ಹೇಳಿ. ತೀರಾ ದಪ್ಪ ದಾರ, ಕುದುರೆಯ ಜೀನು, ದಪ್ಪ ಬೆಲ್ಟು ಇವು ಈ ಯಂತ್ರದ ಕೆಲಸವೇ ಅಲ್ಲ. ಅವನ್ನು ಹೊಲಿಯಲಿಲ್ಲವೆಂದು ದೂರಬೇಡಿ.

ಚಕ್ರ ಬಿಗಿದು ನಿಂತಿದ್ದರೆ ಬಲವಂತ ಮಾಡಬಾರದು, ಹಲ್ಲು ಮುರಿದೀತು. ಎಷ್ಟೋ ಸಲ ಹಳೆಯ ಎಣ್ಣೆ ಗೋಂದಿನಂತೆ ಒಣಗಿರುತ್ತದೆ. ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಕಾದರೆ ಸಡಿಲವಾಗುತ್ತದೆ. ಮೇಲ್ಮೈ ತುಕ್ಕಿಗೂ ಹೆದರಬೇಕಿಲ್ಲ. ಎರಕದ ತೋಳಿನಲ್ಲಿ ಬಿರುಕು ಅಥವಾ ಬೆಸುಗೆ ಗುರುತು ಕಂಡರೆ ಮಾತ್ರ ಅಲ್ಲಿಂದ ಎದ್ದುಬಿಡಿ.

ಬೆಲೆ ಕಟ್ಟುವಾಗ ನಿಮ್ಮ ಊರಿನ ಮೆಕ್ಯಾನಿಕ್ ರಿಪೇರಿ ಮಾಡಿ ಮಾರುವ, ಹೊಲಿದು ತೋರಿಸುವ ಯಂತ್ರದ ದರವನ್ನು ಮೊದಲು ಕೇಳಿಕೊಳ್ಳಿ. ಅದೇ ಪೂರ್ಣ ಬೆಲೆ. ಎಂಟು ತೂತಿನದಕ್ಕೆ ಅದರ ಮುಕ್ಕಾಲು, ಹತ್ತು ದಾಟಿದ್ದಕ್ಕೆ ಅರ್ಧಕ್ಕಿಂತ ಹೆಚ್ಚು ಕೊಡಬಾರದೆಂಬುದು ನಮ್ಮ ಲೆಕ್ಕ. ಹಲ್ಲುಪಟ್ಟಿ, ಗಿಯರ್, ಶಟಲ್ ಬದಲಿಸಬೇಕಿದ್ದರೆ ಬಿಡಿಭಾಗ ಮತ್ತು ಕೂಲಿ ಎರಡನ್ನೂ ಕಳೆಯಿರಿ. ಕಾಲಿನ ಸ್ಟ್ಯಾಂಡ್ ಇಲ್ಲದಿದ್ದರೆ ಅದರ ದರವೂ ಹೋಗಬೇಕು. ಬಿರುಕು ಬಿಟ್ಟದ್ದಕ್ಕೆ ಗುಜರಿಯ ಕಿಲೋ ದರವಷ್ಟೇ. ಸೂಜಿ ಕಂಬಿಯ ಟೊಳ್ಳಿನೊಳಗೆ ದಾರ ಇಳಿಸುವ ತಂತಿ ಕಳೆದಿದೆ ಎಂದು ಚೌಕಾಸಿ ಮಾಡುವುದು ವ್ಯರ್ಥ, ತೆಳು ತಂತಿಯ ತುದಿ ಮಡಚಿ ನೀವೇ ಮಾಡಿಕೊಳ್ಳಬಹುದು. ಬಾಬಿನ್‌ಗಳನ್ನು ಮಾತ್ರ ಮರೆಯದೆ ಕೇಳಿ ಪಡೆಯಿರಿ, ಸಣ್ಣದರದ್ದು ದೊಡ್ಡದಕ್ಕೆ ಹೊಂದುವುದಿಲ್ಲ.