ಹಳೆಯ ಟರ್ಬೊ ಕಾರಿಗೆ ಸ್ಪಾರ್ಕ್ ಪ್ಲಗ್: ನಂಬರ್ ಓದಿ, ಗ್ಯಾಪ್ ಅಳೆದು ಹಾಕಿ

ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನನ್ನ ಹಳೇ ಟರ್ಬೊ ಪೆಟ್ರೋಲ್ ಕಾರು ಏನೂ ತಕರಾರು ಮಾಡುತ್ತಿರಲಿಲ್ಲ. ನಂದಿ ಬೆಟ್ಟದ ಏರಿನಲ್ಲಿ ಮೂರನೇ ಗೇರ್‌ ಹಾಕಿ ಜೋರಾಗಿ ತುಳಿದರೆ ಮಾತ್ರ ಬಿಕ್ಕಳಿಸುತ್ತಿತ್ತು. ಟರ್ಬೊ ಹೋಗಿದೆ ಅಂದರು ಮೆಕ್ಯಾನಿಕ್. ಪ್ಲಗ್ ಬಿಚ್ಚಿ ನೋಡಿದೆ. ನಂಬರಿನ ಕೊನೆಯಲ್ಲಿ ‘11’ ಇತ್ತು. ಎನ್‌ಜಿಕೆ ಪ್ಲಗ್‌ಗಳಲ್ಲಿ ಹಾಗಂದ್ರೆ ಗ್ಯಾಪ್ (ಕಿಡಿ ಹಾರುವ ಎರಡು ತುದಿಗಳ ನಡುವಿನ ಸಂದು) 1.1 ಮಿ.ಮೀ. ಮ್ಯಾನುಯಲ್‌ನಲ್ಲಿ ಇದ್ದದ್ದು 0.8!

ಟರ್ಬೊ ಸಿಲಿಂಡರಿಗೆ ಗಾಳಿ ತುರುಕುತ್ತದೆ. ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಿಸಲು ವೋಲ್ಟೇಜ್ ಜಾಸ್ತಿ ಬೇಕು. ಗ್ಯಾಪ್ ಅಗಲವಾದರೆ ಇನ್ನೂ ಜಾಸ್ತಿ. ಆ ವೋಲ್ಟೇಜ್ ಕೊಡುವ ಕಾಯಿಲ್‌ಗೆ ವಯಸ್ಸಾಗಿದ್ದರೆ ಅದು ಅಲ್ಲಿ ಕೈಚೆಲ್ಲುತ್ತದೆ.

ಮೊದಲು ಖರೀದಿ. ಬಿಡಿಭಾಗ ಸಿಗುವ ಜೆ.ಸಿ. ರಸ್ತೆಗೆ ಹೋಗುವ ಮುಂಚೆ ಮ್ಯಾನುಯಲ್‌ನಲ್ಲಿರುವ ಪ್ಲಗ್ ನಂಬರ್ ಬರೆದುಕೊಳ್ಳಿ. ಅಂಗಡಿಯವರು ‘ಟರ್ಬೊ ಅಲ್ವಾ, ಕೋಲ್ಡ್ ಪ್ಲಗ್ ಹಾಕಿ ಸಾರ್’ ಎಂದರೆ ತಲೆಯಾಡಿಸಬೇಡಿ. ಕೋಲ್ಡ್ ಪ್ಲಗ್ ಶಾಖವನ್ನು ಬೇಗ ಇಂಜಿನ್ನಿನ ಹೆಡ್‌ಗೆ ದಾಟಿಸುತ್ತದೆ. ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ) ಏರಿಸಿದ ಗಾಡಿಗೆ ಅದು ಬೇಕು. ಆದರೆ ಪ್ಲಗ್‌ನ ತುದಿ ಸುಮಾರು 450–500 ಡಿಗ್ರಿ ಸೆಲ್ಸಿಯಸ್ ಮುಟ್ಟದಿದ್ದರೆ ಅದರ ಮೇಲಿನ ಮಸಿ ಸುಟ್ಟು ಹೋಗುವುದಿಲ್ಲ. ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ನಮ್ಮ ಊರಿನಲ್ಲಿ ಅದು ಬೇಗ ಕಪ್ಪಾಗುತ್ತದೆ. ಇಂಜಿನ್ ಮುಟ್ಟಿಲ್ಲದಿದ್ದರೆ ಕಂಪನಿ ಹೇಳಿದ್ದನ್ನೇ ಹಾಕಿ. ಇನ್ನೊಂದು ಮಾತು: ಎನ್‌ಜಿಕೆ, ಡೆನ್ಸೊದಲ್ಲಿ ಪ್ಲಗ್ ನಂಬರಿನೊಳಗೆ ಶಾಖದ ಮಟ್ಟ ಹೇಳುವ ಅಂಕಿ ದೊಡ್ಡದಾದಷ್ಟೂ ಕೋಲ್ಡ್, ಬಾಷ್‌ನಲ್ಲಿ ಉಲ್ಟಾ.

ಇಂಜಿನ್ ಪೂರ್ತಿ ತಣ್ಣಗಾಗಲಿ. ಬಿಸಿ ಅಲ್ಯೂಮಿನಿಯಂ ಹೆಡ್‌ನಿಂದ ಬಿಚ್ಚಲು ಹೋದರೆ ಥ್ರೆಡ್ ಕಿತ್ತು ಬರಬಹುದು. ಕಾಯಿಲ್ ತೆಗೆದು, ಗುಂಡಿಯ ಧೂಳು ಊದಿ, ಆಮೇಲೆ ಬಿಚ್ಚಿ.

ಈಗ ಗ್ಯಾಪ್. ಹೊಸ ಡಬ್ಬಿಯದ್ದಾದರೂ ಅಳೆಯಿರಿ. ಮ್ಯಾನುಯಲ್ ಹೇಳಿದ ಅಳತೆಯ (ನನ್ನ ಕಾರಿಗೆ 0.8) ಫೀಲರ್ ಗೇಜ್, ಅಂದರೆ ಅಳೆಯುವ ತೆಳು ಪಟ್ಟಿ, ತೂರಿಸಿದಾಗ ಸ್ವಲ್ಪ ತಡೆದು ಹೋಗಬೇಕು, ಸಲೀಸಾಗಿ ಜಾರಬಾರದು. ಕಿರಿದು ಮಾಡಲು ಪ್ಲಗ್ ತಲೆಕೆಳಗಾಗಿ ಹಿಡಿದು, ಬಾಗಿದ ಹೊರ ಕಡ್ಡಿಯನ್ನು ಮರದ ತುಂಡಿನ ಮೇಲೆ ಮೆಲ್ಲಗೆ ತಟ್ಟಿ, ಮತ್ತೆ ಅಳೆಯಿರಿ. ಅಗಲ ಮಾಡುವುದಿದ್ದರೆ ಗ್ಯಾಪ್ ಟೂಲ್‌ನಿಂದ ಹೊರ ಕಡ್ಡಿಯನ್ನಷ್ಟೇ ಎತ್ತಿ. ನಡುವಿನ ಎಲೆಕ್ಟ್ರೋಡ್‌ಗೆ ಆನಿಸಿ ಮೀಟಬೇಡಿ, ಪಿಂಗಾಣಿ ಬಿರುಕು ಬಿಡುತ್ತದೆ. ಇರಿಡಿಯಂ ಪ್ಲಗ್ ಆದರಂತೂ ತುದಿ ಸೂಜಿಯಷ್ಟು ಸಣ್ಣ. ನಾಣ್ಯದಂಥ ಗೇಜ್ ದೂರ ಇಡಿ. ಬೂಸ್ಟ್‌ನಲ್ಲಿ ಇನ್ನೂ ಜರ್ಕ್ ಇದ್ದರೆ 0.7ಕ್ಕೆ ಇಳಿಸಿ ನೋಡಬಹುದು. ತೀರಾ ಕಿರಿದು ಮಾಡಿದರೆ ಐಡ್ಲಿಂಗ್‌ನಲ್ಲಿ ಇಂಜಿನ್ ನಡುಗುತ್ತದೆ.

ಹಾಕುವಾಗ ಮೊದಲ ಸುತ್ತುಗಳು ಬರೀ ಕೈಯಲ್ಲಿ. ಬಿಗಿಯಾದರೆ ನಿಲ್ಲಿಸಿ, ಬಿಚ್ಚಿ, ಮತ್ತೆ ಶುರು ಮಾಡಿ. ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ 25–30 ನ್ಯೂಟನ್ ಮೀಟರ್ ಸಾಕು. ಟಾರ್ಕ್ ರೆಂಚ್ ಇಲ್ವಾ? ಹೊಸ ಪ್ಲಗ್ ಆದರೆ ಕೈಯಲ್ಲಿ ಕೂತ ಮೇಲೆ ಅರ್ಧದಿಂದ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಸುತ್ತು. ಥ್ರೆಡ್‌ಗೆ ಎಣ್ಣೆ, ಗ್ರೀಸ್ ಬೇಡ. ಗೊತ್ತಿಲ್ಲದೆ ಜಾಸ್ತಿ ಬಿಗಿಯಾಗಿಬಿಡುತ್ತದೆ.

ಕೆಲವು ನೂರು ಕಿಲೋಮೀಟರ್ ಓಡಿಸಿ ಒಂದು ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ಹಾಲು ಜಾಸ್ತಿಯಾದ ಕಾಫಿ ಬಣ್ಣದಲ್ಲಿದ್ದರೆ ಹಾಗೇ ಬಿಡಿ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಬೆಟ್ಟದ ಕಡೆ ಹೋಗಬೇಡಿ, ನೇರ ಗ್ಯಾರೇಜಿಗೆ.