ಕತ್ತಲೆಕಾನಿನ ಗೇರು: ಸಸಿ ಮಾಡಿ ಜಡ್ಡಿಗೆ ನೆಡೋದು ಹೇಗೆ

ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನ ರಾಂಪತ್ರೆ ಜಡ್ಡಿಲಿ (ಅಂದ್ರೆ ಕಾಡು ಜಾಯಿಕಾಯಿ ಬಳಗದ ಮರಗಳು ಬೆಳೆಯೋ ಕಾಡಿನ ಜೌಗು) ಸಿಕ್ಕಿ 2000ದಲ್ಲಿ ಹೊಸ ಜಾತಿ ಅಂತ ಹೆಸರು ಪಡೆದ ಮರ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್, ನಮ್ಮ ಗೇರಿನ ಬಳಗದ್ದೇ. ಈಗ ಬೆರಳೆಣಿಕೆ ಜಡ್ಡಿಗಳಲ್ಲಿ ಉಳ್ಕೊಂಡಿದೆ ಅಷ್ಟೇ.

ಮೊದಲು ಪರ್ಮಿಷನ್. ಕತ್ತಲೆಕಾನು 2011ರಲ್ಲಿ ಘೋಷಣೆ ಆದ ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶದೊಳಗಿತ್ತು, 2019ರಲ್ಲಿ ಆ ಪ್ರದೇಶ ಶರಾವತಿ ಸಿಂಗಳೀಕ ಅಭಯಾರಣ್ಯಕ್ಕೆ ಸೇರಿತು, ಅರಣ್ಯ ಇಲಾಖೆನ ಕೇಳದೆ ಅಲ್ಲಿಂದ ಒಂದು ಬೀಜನೂ ತರಬೇಡಿ. ಪರ್ಮಿಷನ್ ಸಿಕ್ರೂ ಉದುರಿದ್ದನ್ನಷ್ಟೇ ಆರಿಸಿ, ಅದ್ರಲ್ಲೂ ಅರ್ಧ ಅಲ್ಲೇ ಬಿಟ್ಬನ್ನಿ. ಕೈಗೆ ಗ್ಲೌಸ್ ಬೇಕೇ ಬೇಕು, ಈ ಜಾತಿ ಮರಗಳ ಸೊನೆ ತಾಗಿದ್ರೆ ಚರ್ಮ ಬೊಬ್ಬೆ ಏಳತ್ತೆ.

ಮನೆಗೆ ತಂದ ಬೀಜನ ಅಡಿಕೆ ಥರ ಅಂಗಳದಲ್ಲಿ ಒಣಗಿಸೋಕೆ ಹೋಗ್ಬೇಡಿ! ಜಡ್ಡಿ ಮರದ ಬೀಜ ಒಣಗ್ತು ಅಂದ್ರೆ ಸತ್ತಂಗೆ, ಡಬ್ಬಿಲಿಟ್ಟು ಮುಂದಿನ ವರ್ಷಕ್ಕೆ ಅನ್ನೋ ಮಾತೇ ಇಲ್ಲ. ಒದ್ದೆ ಬಟ್ಟೆಲಿ ಸುತ್ತಿ ತಂದು ಅದೇ ದಿನ ಊರಿಬಿಡಿ, ಕಾಡಿನ ಮಣ್ಣಿಗೆ ಒಂದಿಷ್ಟು ಮರಳು ಕಲಸಿ ಉದ್ದನೆ ಪಾಕೀಟಿಗೆ ತುಂಬಿ, ಮೇಲೆ ಸೋಗೆ ಚಪ್ಪರ ಹಾಕಿ, ಮಣ್ಣು ಆರೋಕೆ ಬಿಡದೆ ನೀರು ಕೊಡ್ತಾ ಇರಿ.

ಇದ್ರಲ್ಲಿ ಗಂಡು ಮರ ಬೇರೆ ಹೆಣ್ಣು ಮರ ಬೇರೆ, ಸಸಿ ನೋಡಿ ಯಾವ್ದು ಯಾವ್ದು ಅಂತ ಗೊತ್ತಾಗಲ್ಲ. ಹಾಗಾಗಿ ದೂರದೂರ ಒಂದೊಂದು ನೆಡೋ ಬದ್ಲು ಒಂದು ಕಡೆ ಆರೇಳು ನೆಡಿ. ದೊಡ್ಡ ಮರ ಇರೋರು "ಕಾಯೇ ಬಿಡಲ್ಲ, ಯಾಕಿಟ್ಕೊಳ್ಳೋದು" ಅಂತ ಕಡಿದುಬಿಡ್ತಾರೆ, ದಯವಿಟ್ಟು ಹಾಗೆ ಮಾಡ್ಬೇಡಿ, ಅದು ಗಂಡು ಮರ ಇರ್ಬೋದು, ಅದು ಹೋದ್ರೆ ಪಕ್ಕದ ಹೆಣ್ಣು ಮರಕ್ಕೂ ಕಾಯಿ ಕಟ್ಟಲ್ಲ.

ಮಳೆ ಹಿಡಿದ ಮೇಲೆ ಜಡ್ಡಿ ಅಂಚಲ್ಲಿ, ನೆರಳಿರೋ ಕಡೆ, ನೀರಿನ ರಭಸ ತಾಗದ ಹಾಗೆ ನೆಡಿ, ದನ ಬರದಂಗೆ ಬೇಲಿ ಕಟ್ಟಿ.

ಸಸಿಗಿಂತ ದೊಡ್ಡ ವಿಷ್ಯ ನೀರು. ನಿಮ್ಮ ಸೊಪ್ಪಿನ ಬೆಟ್ಟದ (ಅಡಿಕೆ ತೋಟಕ್ಕೆ ಸೊಪ್ಪು ತರೋ ಕಾಡು) ಬುಡದಲ್ಲಿ ಜಡ್ಡಿ ಇದ್ರೆ ತೋಟ ಮಾಡೋಕಂತ ಬಸಿಗಾಲುವೆ ಹೊಡೀಬೇಡಿ, ಮೇಲಿನ ಹಳ್ಳನ ಪೈಪಿಗೆ ತಿರುಗಿಸ್ಬೇಡಿ. ನೀರು ಬತ್ತಿದ ಜಡ್ಡಿಲಿ ನಾವು ಎಷ್ಟು ಸಸಿ ನೆಟ್ರೂ ನಿಲ್ಲಲ್ಲ, ಹಳೇ ಮರಗಳೂ ನಿಧಾನಕ್ಕೆ ಹೋಗ್ತವೆ. ಎರಡು ಮೂರು ಬೇಸಿಗೆ ಹೋಗಿ ನೋಡ್ಕೊಂಡು ಬನ್ನಿ, ಸತ್ತ ಕಡೆ ಮತ್ತೆ ನೆಡೋಕೆ ಚಪ್ಪರದ ಕೆಳಗೆ ಹತ್ತು ಸಸಿ ಜಾಸ್ತಿನೇ ಇರ್ಲಿ.