ಲೆಕ್ಕದ ಪುಸ್ತಕ ಮಗನ ಕೈಗೆ ಕೊಟ್ಟ ಮೇಲೆ

"ಮಕ್ಕಳಿಗೆ ಯಾರಾದರೂ ತಮ್ಮ ಸಂಬಳ ಹೇಳ್ತಾರಾ ಮಾರಾಯ?" ಎಂದು ಭಾವ ನಕ್ಕಿದ್ದರು. ಈಗ ಅವರೇ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಫೋನ್ ಮಾಡಿ, ಮನೆಖರ್ಚಿನ ಆ ಪುಸ್ತಕದಲ್ಲಿ ಮಕ್ಕಳ ಕೈಲಿ ಏನೇನು ಬರೆಸುತ್ತೀ ಎಂದು ಕೇಳುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಮಕ್ಕಳನ್ನು ಫೋನಿನಿಂದ ಬಿಡಿಸಲು, ಸಂಸ್ಕಾರ ಕಲಿಸಲು ಹೋಗಿ ಸೋತ ಕತೆ. 2020ರ ಜೂನ್ ಕೊನೆಗೆ ಸರಕಾರ ಟಿಕ್‌ಟಾಕ್ ನಿಷೇಧಿಸಿದಾಗ, ಪೀಡೆ ತೊಲಗಿತು ಅಂದುಕೊಂಡೆ. ಹತ್ತು ದಿನದೊಳಗೆ ಇನ್‌ಸ್ಟಾಗ್ರಾಂನ ರೀಲ್ಸ್ ಬಂತು! ಫೋನ್ ಲಾಕ್ ಮಾಡುವ ಆಪ್‌ಗೆ ಸುಮಾರು 1,200 ಕೊಟ್ಟೆ. ಪಾಸ್‌ವರ್ಡ್ ನನ್ನ ಹುಟ್ಟಿದ ದಿನ. ಮಗಳಿಗೆ ಮೂರು ದಿನ ಸಾಕಾಯಿತು. ವೈಫೈ ತೆಗೆಸಿದೆ, ಪಕ್ಕದ ಮನೆಯ ಕಾಕು (ಮರಾಠಿಯಲ್ಲಿ ಚಿಕ್ಕಮ್ಮ) ತಮ್ಮದನ್ನೇ ಕೊಟ್ಟರು. ಒಂದು ಶ್ಲೋಕ ಕಲಿತರೆ 5 ರೂಪಾಯಿ ಎಂದೆ, ಉದ್ದ ಇದ್ದರೆ 10 ಬೇಕೆಂದು ಮಗ ಚೌಕಾಸಿಗೆ ನಿಂತ. ಬೇಸಿಗೆಯ ಸಂಸ್ಕಾರ ಶಿಬಿರಕ್ಕೆ ನಾಲ್ಕೂವರೆ ಸಾವಿರ ಕಟ್ಟಿದೆ. ಅಲ್ಲಿ ಅವನು ಕಲಿತು ಬಂದದ್ದು ಒಂದು ಹೊಸ ಮೊಬೈಲ್ ಗೇಮ್.

ಅದೇ ಆಟದಲ್ಲಿ ಬಂದೂಕಿಗೆ ಬಣ್ಣ ಬಳಿಯಲು ನನ್ನ ಯುಪಿಐನಿಂದ 1,800 ಹೋಯಿತು. ಬೈದೆ, ಚೆನ್ನಾಗಿಯೇ ಬೈದೆ. ಮರುದಿನ ಮನೆಖರ್ಚಿನ ಪುಸ್ತಕ ಅವನ ಕೈಗೆ ಕೊಟ್ಟು ನನ್ನ ಸಂಬಳ ಎಷ್ಟೆಂದು ಹೇಳಿದೆ. ದಿನಸಿ, ಹಾಲು, ರೈಲು ಪಾಸ್, ರೀಚಾರ್ಜ್, "ಊರಿಗೆ", "ಬಂದವರಿಗೆ". ಇಷ್ಟೇ ಕಾಲಮ್ಮು.

ಮೊದಲ ತಿಂಗಳು ಎಲ್ಲವನ್ನೂ "ಇತರೆ" ಎಂದು ಗೀಚಿದ. ಎರಡನೆಯ ತಿಂಗಳು ಸಿಕ್ಕಿಬಿದ್ದವನು ನಾನು. "ಅಪ್ಪಾ, ರಾತ್ರಿ 11 ಗಂಟೆಗೆ ಹೆಡ್‌ಫೋನ್ ಯಾಕೆ ತರಿಸಿದ್ದು? ಒಂದು ಇದೆ ಅಲ್ವಾ?" ವಾಪಸ್ ಕಳಿಸಿದೆ. ಅಂದಿನಿಂದ ಊಟದ ಹೊತ್ತಿಗೆ ನನ್ನ ಫೋನೂ ಫ್ರಿಜ್ ಮೇಲೆ. ಈ ಶಿಸ್ತು ಮಕ್ಕಳಿಗಿಂತ ನನಗೇ ಕಷ್ಟವಾಯಿತು.

ಕೆಲಸ ಮಾಡಿದ್ದು "ಊರಿಗೆ" ಕಾಲಮ್ಮು. ಕುಂದಾಪುರದಲ್ಲಿ ಅಮ್ಮನ ಬಿಪಿ ಮಾತ್ರೆಗೆ ತಿಂಗಳಿಗೆ 900 ಹತ್ತಿರ ಕಳಿಸುತ್ತೇನೆ. ಒಂದು ತಿಂಗಳು ನಾನು ಮರೆತೆ. ಮಗ ಖಾಲಿ ಜಾಗ ನೋಡಿ ತಾನೇ ಫೋನ್ ಮಾಡಿದ: "ಅಜ್ಜಿ, ಮಾತ್ರೆ ಇತ್ತಾ?" ಅಮ್ಮ ಅದನ್ನು ಇಡೀ ಕೇರಿಗೆ ಹೇಳಿದ್ದಾರೆ. ಈಗ ಅವನು ವಾರಕ್ಕೊಮ್ಮೆ ಮಾತಾಡುತ್ತಾನೆ, ಕ್ರಿಕೆಟ್ ಇದ್ದ ವಾರ ಇಲ್ಲ.

ನಡುವೆ ಇನ್ನೊಂದು ಪ್ರಯೋಗ. ಕನ್ನಡ ಕಿವಿಗೆ ಬೀಳಲಿ ಎಂದು ಮುಂಬೈ ಮಾಟುಂಗದ ಮೈಸೂರು ಅಸೋಸಿಯೇಷನ್‌ಗೆ ನಾಟಕಕ್ಕೆ ಕರೆದೊಯ್ದೆ. 1926ರ ಕನ್ನಡಿಗರ ಸಂಸ್ಥೆ ಎಂದು ರೈಲಿನುದ್ದಕ್ಕೂ ಭಾಷಣ ಬಿಗಿದೆ. ಮಗಳು ಅರ್ಧ ನಾಟಕಕ್ಕೇ ನಿದ್ದೆ. ಮಗ ನಾಲ್ಕು ಬೈಗುಳ ಮಾತ್ರ ನೆನಪಿಟ್ಟುಕೊಂಡ. ಆದರೂ ಮತ್ತೆ ಹೋಗುತ್ತೇವೆ.

ತಿಂಗಳ ಕೊನೆಗೆ ಉಳಿದ ದುಡ್ಡನ್ನು ಏನು ಮಾಡುತ್ತೇವೆ ಎನ್ನುವುದನ್ನು ಹೇಳುವುದಿಲ್ಲ. ಭಾವನಿಗೂ ಹೇಳಿಲ್ಲ. ಮಕ್ಕಳು ಪುಸ್ತಕ ಬಿಡದೆ ಇರುವುದು ಅದರಿಂದಲೇ.

ಬಂದವರಿಗೆ ಬೆಲ್ಲ, ನೀರು ಕೊಡಬೇಕೆಂದು ನಾನು ಎಷ್ಟೋ ಸಲ ಹೇಳಿದ್ದೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಹೋದ ಮೇ ತಿಂಗಳಲ್ಲಿ ಪುಸ್ತಕ ತಿರುವಿ ಹಾಕುತ್ತಿದ್ದೆ. "ಬಂದವರಿಗೆ" ಕೆಳಗೆ ಮಗಳ ಅಕ್ಷರ: ಕೊರಿಯರ್ ಅಣ್ಣ, ಲಿಫ್ಟ್ ಕೆಟ್ಟಿತ್ತು, ಬೆಲ್ಲ 2 ತುಂಡು.